ಕಮ್ಯುನಿಟಿ ಕಾಲೇಜಾ? ಅಯ್ಯೋ ಪಾಪ!

ನಿನ್ನೆ ಇಲ್ಲಿ, ಅಮೆರಿಕದಲ್ಲಿ, ನಮ್ಮ ಕನ್ನಡ ಕೂಟದ ಊಟದಲ್ಲಿ ನಡೆದದ್ದು. ಇನ್ನೂ ಮೈ ಉರೀತಿದೆ, ಅದಕ್ಕೇ ಎದ್ದ ತಕ್ಷಣ ಬರೀತಾ ಇದ್ದೇನೆ.

ಪರಿಚಯದ ಅಕ್ಕ ಒಬ್ಬರು, ಮಗ ಕಮ್ಯುನಿಟಿ ಕಾಲೇಜಲ್ಲಿ (ಎರಡು ವರ್ಷದ ಡಿಗ್ರಿ, ಕೆಲಸ ಕಲಿಸುವ ಕೋರ್ಸು ಕೊಡುವ ಇಲ್ಲಿನ ಸರ್ಕಾರಿ ಕಾಲೇಜು) ನರ್ಸಿಂಗ್ ಸೇರಿದ ಅಂದರು. ಖುಷಿಯಾಗೇ ಹೇಳಿದ್ದು. ಸುತ್ತ ಇದ್ದವರೆಲ್ಲ ತಮ್ಮ ತಮ್ಮ ತಟ್ಟೆ ನೋಡಿಕೊಂಡರು. ಆಮೇಲೆ ಒಬ್ಬ ಮಹಾಶಯರು ಬಾಯಿಬಿಟ್ಟರು: "ಅಯ್ಯೋ, ಬೇರೆಲ್ಲೂ ಸೀಟು ಸಿಗ್ಲಿಲ್ವಾ?" ಅಕ್ಕನ ಮುಖ ಸಪ್ಪಗಾಯಿತು. "ಹಾಗಲ್ಲ, ಎರಡು ವರ್ಷ ಅಷ್ಟೇ, ಆಮೇಲೆ..." ಅಂತ ಸಮಜಾಯಿಷಿ ಶುರುಮಾಡಿದರು. ಯಾಕೆ ಕೊಡಬೇಕು ಹೇಳಿ ಸಮಜಾಯಿಷಿ?

ಈ ಮಹಾಶಯರಿಗೆ ಹೋದ ವರ್ಷ ಆಪರೇಷನ್ ಆಗಿತ್ತು. ರಾತ್ರಿಯಿಡೀ ನಿಮ್ಮ ಡ್ರಿಪ್ ನೋಡಿಕೊಂಡ ನರ್ಸ್ ಯಾವ ಕಾಲೇಜು ಅಂತ ಆಗ ಕೇಳಿದ್ರಾ ಸಾರ್? ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಮಾಡಿದವರಿರಲಿ, ನಾಲ್ಕು ವರ್ಷ ಓದಿದವರಿರಲಿ, ಅಮೆರಿಕದಲ್ಲಿ ರಿಜಿಸ್ಟರ್ಡ್ ನರ್ಸ್ ಆಗೋಕೆ ಬರೆಯೋದು ಒಂದೇ ಪರೀಕ್ಷೆ. ಮಿಲ್ಡ್ರೆಡ್ ಮೊಂಟಾಗ್ ಅನ್ನೋ ಹೆಣ್ಣುಮಗಳು 1952ರಲ್ಲಿ ಈ ಎರಡು ವರ್ಷದ ಕೋರ್ಸನ್ನು ಪ್ರಯೋಗಕ್ಕೆ ಇಳಿಸಿದ್ದೇ ಯುದ್ಧ ಮುಗಿದಮೇಲೆ ನರ್ಸ್‌ಗಳು ಸಾಲದೇ ಬಂದದ್ದಕ್ಕೆ.

ಈಗ ಒಂದು ತಪ್ಪೊಪ್ಪಿಗೆ. ನಾನು ಕೋಡ್ ಬರೆದು ಬದುಕುವವನು, ನಿಮಗೆಲ್ಲ ಗೊತ್ತು. ಮಂಗಳವಾರ ಸಂಜೆ ಫೋನ್ ಎತ್ತದಿದ್ದರೆ "ಜಿಮ್‌ನಲ್ಲಿದ್ದೆ" ಅಂತಿದ್ದೆ. ಸುಳ್ಳು. (ಹೊಟ್ಟೆ ನೋಡಿದ್ರೆ ಗೊತ್ತಾಗಬೇಕಿತ್ತು.) ನಾನು ಹೋಗ್ತಿರೋದು ಕಮ್ಯುನಿಟಿ ಕಾಲೇಜಿನ ವೆಲ್ಡಿಂಗ್ ಕ್ಲಾಸಿಗೆ. ಸುಳ್ಳು ಯಾಕೆ ಹೇಳಿದೆ? ಇದೇ "ಅಯ್ಯೋ ಪಾಪ"ಕ್ಕೆ ಹೆದರಿ! ನಿನ್ನೆ ಊಟದಲ್ಲೂ ನಾನು ತುಟಿ ಬಿಚ್ಚಲಿಲ್ಲ. ಈಗ ಇಲ್ಲಿ ಶೂರತನ ತೋರಿಸ್ತಿದ್ದೇನೆ.

ನಮ್ಮ ಮೇಷ್ಟ್ರು ಹಗಲು ಕಾರ್ಖಾನೆಯಲ್ಲಿ ಕೆಲಸ ಮಾಡಿ, ರಾತ್ರಿ ಪಾಠಕ್ಕೆ ಬರುತ್ತಾರೆ. ಎರಡು ಉಕ್ಕಿನ ತುಂಡು ಕೊಟ್ಟು ಬೆಸುಗೆ ಹಾಕಿಸುತ್ತಾರೆ. ಆಮೇಲೆ ಅದನ್ನು ಅಡ್ಡಕ್ಕೆ ಕೊಯ್ದು ಪಟ್ಟಿ ಮಾಡಿ, ಒತ್ತುಯಂತ್ರಕ್ಕೆ ಕೊಟ್ಟು ಕುದುರೆ ಲಾಳದ ಹಾಗೆ ಬಗ್ಗಿಸುತ್ತಾರೆ. ಮೇಲೆ ಎಷ್ಟೇ ಚೆಂದ ಕಂಡಿರಲಿ, ಒಳಗೆ ಕಸ ಸೇರಿದ್ದರೆ ಅಲ್ಲೇ ಬಾಯಿ ಬಿಡುತ್ತೆ. ನಾನು ಬರೆದ ಎಷ್ಟೋ ಪರೀಕ್ಷೆಗಳಲ್ಲಿ ಯಾರೂ ನನ್ನನ್ನು ಹೀಗೆ ಬಗ್ಗಿಸಿ ನೋಡಿರಲಿಲ್ಲ. ನೋಡಿದ್ದರೆ ಡಿಗ್ರಿ ಸಿಗ್ತಿರಲಿಲ್ಲ, ಬಿಡಿ.

ಕಳೆದ ಸೆಮಿಸ್ಟರ್‌ವರೆಗೆ ತಲೆ ಮೇಲಿನ ಬೆಸುಗೆಗೆ ಇದ್ದದ್ದು ಎರಡೇ ವಾರ. ಸುತ್ತಲಿನ ಎರಡು ಕಂಪನಿಯವರು ಕಾಲೇಜಿನ ಸಲಹಾ ಸಮಿತಿಯಲ್ಲಿದ್ದಾರೆ. ನಿಮ್ಮ ಹುಡುಗರು ಮೇಲೆ ನೋಡಿಕೊಂಡು ಬೆಸುಗೆ ಹಾಕೋಕೆ ಒದ್ದಾಡ್ತಾರೆ ಅಂತ ಅವರು ದೂರಿದರಂತೆ. ಈ ಸಲ ಐದು ವಾರ. ಕಿಡಿ ನೇರ ಕಾಲರ್ ಒಳಗೇ ಬೀಳುತ್ತೆ, ಅದು ಬೇರೆ ಮಾತು. ನಾನು ಓದಿದ ಕಾಲೇಜಲ್ಲಿ ಸಿಲಬಸ್ ಬದಲಾಗೋಕೆ ಒಂದು ತಲೆಮಾರು ರಿಟೈರ್ ಆಗಬೇಕಿತ್ತು.

ಇದೇನು ಒಂದು ಕಾಲೇಜಿನ ದೊಡ್ಡಗುಣ ಅಲ್ಲ. ಕೆಲಸ ಕಲಿಸುವ ಕೋರ್ಸುಗಳಿಗೆ ಕೇಂದ್ರ ಸರ್ಕಾರ ಕೊಡುವ ದುಡ್ಡು, ಅಂದ್ರೆ 2018ರ ಪರ್ಕಿನ್ಸ್ ಕಾಯ್ದೆಯ ದುಡ್ಡು ಬೇಕಂದ್ರೆ, ಸುತ್ತಮುತ್ತ ಯಾವ ಕೆಲಸಕ್ಕೆ ಜನ ಬೇಕಾಗಿದ್ದಾರೆ ಅಂತ ಎರಡು ವರ್ಷಕ್ಕೊಮ್ಮೆ ನೋಡಲೇಬೇಕು, ಉದ್ಯೋಗ ಕೊಡುವವರನ್ನು ಕೇಳಲೇಬೇಕು. 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಶುರುವಾದ ಇಂಥ ಮೊದಲ ಸರ್ಕಾರಿ ಕಾಲೇಜಿನಲ್ಲಿ ಇದ್ದದ್ದು ಆರೇ ವಿದ್ಯಾರ್ಥಿಗಳು. ಈಗ ದೇಶದಲ್ಲಿ ಸಾವಿರದ ಆಸುಪಾಸು ಕಾಲೇಜುಗಳಿವೆ. ನಮ್ಮವರಿಗೆ ಮಾತ್ರ ಇನ್ನೂ "ಸೀಟು ಸಿಗದವರ ಜಾಗ".

ಸರಿ, ಸೇರಿದವರಲ್ಲಿ ತುಂಬಾ ಜನ ಅರ್ಧಕ್ಕೇ ಬಿಡ್ತಾರಲ್ಲ ಅಂತೀರಿ. ನಿಜ, ಬಿಡ್ತಾರೆ. ನನ್ನ ಪಕ್ಕದ ಬೂತ್‌ನವನು ರಾತ್ರಿ ಪಾಳಿ ಮುಗಿಸಿ, ಹಗಲು ಮಕ್ಕಳನ್ನು ನೋಡಿಕೊಂಡು, ಸಂಜೆ ಇಲ್ಲಿಗೆ ಬರ್ತಾನೆ. ಅಪ್ಪನ ದುಡ್ಡಲ್ಲಿ ಹಾಸ್ಟೆಲ್‌ನಲ್ಲಿ ಮಲಗಿ ನಾಲ್ಕು ವರ್ಷ ಕಳೆದ ನಾನು ಅವನ ಹಾಜರಾತಿ ಬಗ್ಗೆ ಏನಂತ ಮಾತಾಡಲಿ? ಮೊದಲ ಸಲಕ್ಕೇ ಅವನ ಪಟ್ಟಿ ಬಿರುಕಿಲ್ಲದೆ ಬಗ್ಗಿತು.

ಅಕ್ಕನಿಗೆ ಈಗಷ್ಟೇ ಫೋನ್ ಮಾಡಿದೆ. ನಿನ್ನೆ ಸುಮ್ನಿದ್ದೆ, ತಪ್ಪಾಯ್ತು ಅಂದೆ. ವೆಲ್ಡಿಂಗ್ ವಿಷಯವನ್ನೂ ಹೇಳಿದೆ. "ನಿಮಗೂ ಬೇರೆಲ್ಲೂ ಸೀಟು ಸಿಗ್ಲಿಲ್ವಾ?" ಅಂತ ಕೇಳಿ ಜೋರಾಗಿ ನಕ್ಕರು.

ಮಂಗಳವಾರ ಸಂಜೆ ಯಾರೂ ಫೋನ್ ಮಾಡಬೇಡಿ. ಹೋದ ವಾರದ ನನ್ನ ಪಟ್ಟಿ ಬಿರುಕು ಬಿಟ್ಟಿದೆ, ಮತ್ತೆ ಹಾಕಬೇಕು.