ಕಿವಿರಿಲ್ಲದ ಮೀನು

ಕಾರವಾರದಲ್ಲಿ ಕೂತು ಬೆಕ್ಕಿಗೆ ಡಬ್ಬಿ ಮೀನು ತರುವುದೆಂದರೆ ಸುಮ್ನೆ ಊರವರ ಬಾಯಿಗೆ ಬೀಳುವ ಕೆಲಸ. ಬೈತಖೋಲ ಬಂದರು ಇಲ್ಲೇ ಇದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬಂಗಡೆಯ ದರ ಅಟ್ಟ ಹತ್ತುತ್ತದೆ. ನಾವು ಒಣಮೀನಿನಲ್ಲಿ ಸುಧಾರಿಸಿಕೊಳ್ಳುತ್ತೇವೆ. ನಮ್ಮ ಬೆಕ್ಕು ಸುಧಾರಿಸಿಕೊಳ್ಳುವುದಿಲ್ಲ. ಅದರ ಹೆಸರು ಸಾಧು. ಹೆಸರಿಟ್ಟಾಗ ಅದಕ್ಕೆ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಒಣಮೀನಿನಲ್ಲಿ ಉಪ್ಪು ಜಾಸ್ತಿ, ಡಬ್ಬಿ ಆಹಾರ ಕೊಡಿ ಎಂದರು ದನದ ಡಾಕ್ಟರು. ಯಾವ ಕಂಪನಿಯದು ಎಂದು ಹೇಳಲಿಲ್ಲ. ಅಂಗಡಿಯವನನ್ನು ಕೇಳಿದೆ. “ಎಲ್ಲಾ ಒಳ್ಳೇದೇ ಸರ್, ಚೆನ್ನಾಗಿ ಹೋಗ್ತಾ ಇದೆ” ಎಂದ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟೂ ಚೆನ್ನಾಗಿಯೇ ಹೋಗ್ತಾ ಇರುತ್ತದೆ. ಬಗೆಬಗೆಯ ಡಬ್ಬಿ ಹೊತ್ತು ಮನೆಗೆ ಬಂದೆ.

ಮನೆಯಲ್ಲಿ ಎಲ್ಲರೂ ಪರೀಕ್ಷಕರೇ. ಆಯಿ ದರ ನೋಡಿ, ಜಾಸ್ತಿ ಇರುವುದೇ ಒಳ್ಳೆಯದು ಎಂದಳು. ಮಗಳು ಡಬ್ಬಿಯ ಮೇಲಿನ ಬಿಳಿ ಬೆಕ್ಕಿನ ಚಿತ್ರ ನೋಡಿ ಆರಿಸಿದಳು. ಹೆಂಡತಿ ಮೂಗು ಮುಚ್ಚಿಕೊಂಡು ಎಲ್ಲವನ್ನೂ ಒಟ್ಟಿಗೆ ಫೇಲ್ ಮಾಡಿದಳು.

ಆದರೆ ನಿಜವಾದ ಪರೀಕ್ಷೆ ಮಾಡಿದವಳು ಮೀನಿನ ಅಕ್ಕ. ನಿಷೇಧದ ದಿನಗಳಲ್ಲಿ ಅವಳ ಬುಟ್ಟಿಯಲ್ಲಿ ಹೊಳೆಯ ಸಣ್ಣ ಮೀನು ಮಾತ್ರ. ಅವತ್ತು ಜಗಲಿಯಲ್ಲಿ ಕೂತು, ತೆರೆದ ಡಬ್ಬಿಯನ್ನು ಬಹಳ ಹೊತ್ತು ದಿಟ್ಟಿಸಿದಳು.

“ತಮಾ, ಇದರ ಕಿವಿರು ಎಲ್ಲಿ?”

ಕಿವಿರು ಕೆಂಪಾಗಿದ್ದರೆ ತಾಜಾ, ಒತ್ತಿದ ಜಾಗ ತಿರುಗಿ ಮೇಲೆ ಬಂದರೆ ತಾಜಾ. ಕರಾವಳಿಯಲ್ಲಿ ಇದಕ್ಕಿಂತ ದೊಡ್ಡ ಲ್ಯಾಬ್ ಬೇಕಿಲ್ಲ. ಅಕ್ಕ ಬೆರಳಿಟ್ಟು ಒತ್ತಿದಳು. ಬೆರಳು ಒಳಗೇ ಹೋಯಿತು, ಗುಳಿ ಹಾಗೇ ಉಳಿಯಿತು. “ಸತ್ತು ಬಹಳ ದಿನ ಆಯ್ತು” ಎಂದು ತೀರ್ಪು ಕೊಟ್ಟಳು. ವರ್ಷಗಟ್ಟಲೆ ಕೆಡುವುದಿಲ್ಲ ಅಕ್ಕಾ, ಮುಚ್ಚಳ ಬಿಗಿದ ಮೇಲೆ ಒತ್ತಡದ ಹಬೆಯಲ್ಲಿ ಬೇಯಿಸಿರುತ್ತಾರೆ, ಮುಚ್ಚಳ ಉಬ್ಬಿದ್ದರೆ ಎಸೆಯಬೇಕು ಎಂದೆ. ಅವಳು ನನ್ನನ್ನೇ ಎಸೆಯುವವಳ ಹಾಗೆ ನೋಡಿದಳು.

ಕೊನೆಗೆ ಕನ್ನಡಕ ಹಾಕಿಕೊಂಡು ಡಬ್ಬಿಯ ಬೆನ್ನು ಓದಲು ಕೂತೆ. ಡಬ್ಬಿಯ ಮುಖ ಬರೆಯುವವನು ಮಾರುವವನು, ಬೆನ್ನು ಬರೆಯುವವನು ಕಾನೂನಿಗೆ ಹೆದರುವವನು. ನಂಬುವುದಾದರೆ ಬೆನ್ನನ್ನೇ ನಂಬಬೇಕು. ಅಮೆರಿಕದ ಲೇಬಲ್ ನಿಯಮ ಮಜವಾಗಿದೆ. ಹೆಸರಿನಲ್ಲಿ ಬರೀ ‘ಟ್ಯೂನಾ’ ಎಂದಿದ್ದರೆ, ಸೇರಿಸಿದ ನೀರು ಬಿಟ್ಟು, 95% ಆ ಮೀನೇ ಇರಬೇಕು. ‘ಟ್ಯೂನಾ ಡಿನ್ನರ್’ ಎಂದರೆ 25% ಇದ್ದರೂ ನಡೆಯುತ್ತದೆ. ‘ವಿತ್ ಟ್ಯೂನಾ’ ಎಂದರೆ 3% ಸಾಕು. ‘ಟ್ಯೂನಾ ಫ್ಲೇವರ್’ಗೆ ರುಚಿ ಗೊತ್ತಾದರೆ ಆಯಿತು. ಮಗಳು ಆರಿಸಿದ್ದು ‘ವಿತ್ ಟ್ಯೂನಾ’.

“ಉಳಿದದ್ದು ಏನ್ರೀ?” ಎಂದಳು ಹೆಂಡತಿ.

“ಜಾಸ್ತಿ ಕೋಳಿ.”

“ಮದುವೆಮನೆ ಪಾಯಸದ ಗೋಡಂಬಿ ಹಾಗೆ ಅನ್ನು” ಎಂದಳು ಆಯಿ. ಅದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.

ಮುಂದಿನ ಜಗಳ ಪ್ರೋಟೀನಿನದು. ಡಬ್ಬಿಯಲ್ಲಿ 10%, ಕಾಳುಕಾಳಾಗಿ ಬರುವ ಬೆಕ್ಕಿನ ಒಣ ಆಹಾರದ ಪ್ಯಾಕೆಟಿನಲ್ಲಿ 32%. ಕಾಳೇ ಗೆದ್ದಿತು ಎಂದು ಎಲ್ಲರೂ ಕುಣಿದರು. ಆದರೆ ಡಬ್ಬಿಯಲ್ಲಿ 78% ನೀರು, ಕಾಳಿನಲ್ಲಿ 10%. ನೀರು ತೆಗೆದು ಲೆಕ್ಕ ಹಾಕಿದರೆ ಡಬ್ಬಿಗೆ 45%, ಕಾಳಿಗೆ 35%ರ ಆಸುಪಾಸು. ಬೆಕ್ಕು ನೀರು ಕುಡಿಯುವುದು ಕಮ್ಮಿ, ಹಾಗಾಗಿ ಊಟದಲ್ಲೇ ನೀರಿದ್ದರೆ ಒಳ್ಳೆಯದು ಎಂದೂ ವಿವರಿಸಿದೆ. “ಇಷ್ಟು ದುಡ್ಡು ನೀರಿಗಾ? ಹೊರಗೆ ಪುಕ್ಕಟೆ ಸುರೀತಾ ಇದೆ” ಎಂದಳು ಹೆಂಡತಿ.

ಬೆನ್ನಿನಲ್ಲಿ ನಾನು ಹುಡುಕಿದ ಇನ್ನೊಂದು ಹೆಸರು ಟಾರಿನ್, ಬೆಕ್ಕಿಗೆ ಬೇಕೇ ಬೇಕಾದ ಒಂದು ಪೋಷಕಾಂಶ. ಬೆಕ್ಕಿನ ದೇಹ ಅದನ್ನು ಬೇಕಾದಷ್ಟು ತಯಾರಿಸಿಕೊಳ್ಳುವುದಿಲ್ಲ. ಕಂಪನಿ ಆಹಾರವನ್ನೇ ತಿಂದ ಬೆಕ್ಕುಗಳ ಹೃದಯ ಸೋಲುತ್ತಿದ್ದುದಕ್ಕೆ ಇದರ ಕೊರತೆ ಕಾರಣ ಎಂದು 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಕಂಡುಹಿಡಿದರು. ಟಾರಿನ್ ಕೊಟ್ಟಾಗ ಅನೇಕ ಬೆಕ್ಕುಗಳು ಚೇತರಿಸಿಕೊಂಡವು. ಈಗ ಪೂರ್ಣ ಆಹಾರ ಎಂದು ಬರೆದ ಡಬ್ಬಿಯಲ್ಲಿ ಅದು ಇರಲೇಬೇಕು. ಆಯಿ ಆರಿಸಿದ ದುಬಾರಿ ಡಬ್ಬಿಯ ಮೂಲೆಯಲ್ಲಿ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ, ಇದು ಪೂರ್ಣ ಊಟವಲ್ಲ ಎಂದಿತ್ತು. ತಿಂಡಿ ಅಷ್ಟೇ!

ಬ್ರ್ಯಾಂಡ್ ನಂಬಿಕೆಯ ಕಥೆಯೂ ಅಷ್ಟರಲ್ಲೇ ಇದೆ. 2007ರಲ್ಲಿ ಉತ್ತರ ಅಮೆರಿಕದಲ್ಲಿ ಹತ್ತಾರು ಬ್ರ್ಯಾಂಡಿನ ಆಹಾರವನ್ನು ಮಾರುಕಟ್ಟೆಯಿಂದ ವಾಪಸ್ ಪಡೆದರು. ಪ್ರೋಟೀನ್ ಜಾಸ್ತಿ ಕಾಣಲಿ ಎಂದು ಗೋಧಿಯ ಪ್ರೋಟೀನಾದ ಗ್ಲುಟನ್‌ಗೆ ಮೆಲಮಿನ್ ಎಂಬ, ಪ್ಲಾಸ್ಟಿಕ್ ತಯಾರಿಸುವ ರಾಸಾಯನಿಕ ಬೆರೆಸಿದ್ದರು. ನಾಯಿ, ಬೆಕ್ಕುಗಳ ಕಿಡ್ನಿ ಹೋಯಿತು. ಆಗಲೇ ಜನರಿಗೆ ತಿಳಿದದ್ದು, ಅವುಗಳಲ್ಲಿ ಎಷ್ಟೋ ಬ್ರ್ಯಾಂಡ್‌ಗಳ ಅಡುಗೆಮನೆ ಒಂದೇ ಎಂದು.

ಸಾಧು ಇದೇನನ್ನೂ ಓದಲಿಲ್ಲ. ದುಬಾರಿ ತಿಂಡಿಯನ್ನು ನೆಕ್ಕಿ ಮುಗಿಸಿತು. ಲೆಕ್ಕದಲ್ಲಿ ಗೆದ್ದ ಡಬ್ಬಿಯನ್ನು ಮೂಸಿ, ಸುತ್ತ ನೆಲ ಕೆರೆದು, ಹೂಳುವ ಶಾಸ್ತ್ರ ಮಾಡಿತು. ಎರಡನ್ನೂ ಕಲಸಿ ಕೊಟ್ಟಾಗ ಮಾತ್ರ, ನಮ್ಮ ಮೇಲೆ ಉಪಕಾರ ಮಾಡಿದಂತೆ ತಿಂದಿತು.

ಅಕ್ಕ ಹೋಗುವ ಮುಂಚೆ ಡಬ್ಬಿಯ ದರ ಕೇಳಿದ್ದಳು. ಹೇಳಿದೆ. ಬುಟ್ಟಿ ತಲೆಗೇರಿಸಿಕೊಂಡಳು.

“ಕಿವಿರಿಲ್ಲದ ಮೀನಿಗೆ ಅಷ್ಟು ಕೊಡ್ತೀಯಲ್ಲ ತಮಾ, ಇನ್ನು ನನ್ನ ಹತ್ರ ಚೌಕಾಶಿ ಮಾಡಬೇಡ.”

ಆಗಸ್ಟ್‌ನಲ್ಲಿ ಬಂಗಡೆ ಬಂತು. ಅಕ್ಕ ಹೇಳಿದ ದರದಲ್ಲಿ ಒಂದು ರೂಪಾಯಿ ಇಳಿಸಲಿಲ್ಲ.