ಸತ್ಯಾಂಶ: ಆರ್ಯವೈಶ್ಯರು ಅನಸ್ತೇಷಿಯಾ ತಗೊಳ್ಳಲೇಬಾರದೇ?

‘ಆರ್ಯವೈಶ್ಯರಿಗೆ ಅರಿವಳಿಕೆ ವಿಷ, ಹಲ್ಲು ಕೀಳಿಸಲೂ ಸೂಜಿ ಬೇಡ’ ಎಂಬ ಫಾರ್ವರ್ಡ್ ಚಿಕ್ಕಮಗಳೂರಿನ ವಾಟ್ಸ್‌ಆ್ಯಪ್‌ ಗುಂಪುಗಳಲ್ಲಿ ಓಡಾಡುತ್ತಿದೆ. ಅದರಲ್ಲಿ ಕಾಳಷ್ಟು ನಿಜವಿದೆ, ಮಿಕ್ಕಿದ್ದು ಜೊಳ್ಳು.

ತೊಂದರೆ ಇರುವುದು ಮುಖ್ಯವಾಗಿ ಸಕ್ಸಿನೈಲ್‌ಕೋಲಿನ್‌ ಎಂಬ ಒಂದು ಔಷಧದಲ್ಲಿ. ಉಸಿರಿನ ಕೊಳವೆ ಹಾಕುವಾಗ ಸ್ನಾಯು ಸಡಿಲಿಸಲು ಇದನ್ನು ಕೊಡುತ್ತಾರೆ. ರಕ್ತದಲ್ಲಿರುವ ಸ್ಯೂಡೋಕೋಲಿನೆಸ್ಟರೇಸ್ ಕಿಣ್ವ ಅದನ್ನು 5-10 ನಿಮಿಷದಲ್ಲಿ ಒಡೆದುಬಿಡುತ್ತದೆ. ಹುಟ್ಟಿನಿಂದಲೇ ಕಿಣ್ವದ ಕೊರತೆ ಇದ್ದವರಲ್ಲಿ ಔಷಧ ಗಂಟೆಗಟ್ಟಲೆ ಉಳಿಯುತ್ತದೆ. ಆಪರೇಷನ್ ಮುಗಿದರೂ ಎದೆ ಏರುವುದಿಲ್ಲ. ಮಣಿಕಟ್ಟಿನ ನರಕ್ಕೆ ಸಣ್ಣ ಕರೆಂಟ್ ಕೊಟ್ಟರೂ ಹೆಬ್ಬೆರಳು ಮಿಸುಕುವುದಿಲ್ಲ. ಆಗ ವೆಂಟಿಲೇಟರ್ ಮುಂದುವರಿಸಿ, ನಿದ್ರೆಯ ಔಷಧವನ್ನೂ ನಿಲ್ಲಿಸದೆ ಕಾಯುವುದೇ ಚಿಕಿತ್ಸೆ. ನಿದ್ರೆ ನಿಲ್ಲಿಸಿದರೆ ರೋಗಿಗೆ ಎಚ್ಚರವಿರುತ್ತದೆ, ರೆಪ್ಪೆ ಎತ್ತಲೂ ಆಗದು.

ಈ ಸಮುದಾಯದಲ್ಲಿ ಕೊರತೆ ಹೆಚ್ಚು ಕಂಡುಬಂದಿರುವುದು ನಿಜ, ಆದರೆ ಎಲ್ಲರಿಗೂ ಇಲ್ಲ. ಮರಗಟ್ಟಿಸಲು ಹಲ್ಲಿನ ಡಾಕ್ಟರು ಹಾಕುವ ಲಿಗ್ನೋಕೇನ್, ಬೆನ್ನಿಗೆ ಕೊಡುವ ಬುಪಿವಕೇನ್ ಎರಡೂ ಲಿವರ್‌ನಲ್ಲಿ ಕರಗುತ್ತವೆ. ಈ ಕಿಣ್ವಕ್ಕೂ ಅವಕ್ಕೂ ಸಂಬಂಧವಿಲ್ಲ. ಸಕ್ಸಿನೈಲ್‌ಕೋಲಿನ್ ಬದಲು ರೊಕ್ಯುರೋನಿಯಂ ಕೊಡಬಹುದು.

ಫಾರ್ವರ್ಡ್ ಹೇಳದ ಮಾತೊಂದಿದೆ: ಕಾಫಿ ತೋಟದಲ್ಲಿ ಕ್ಲೋರ್‌ಪೈರಿಫಾಸ್‌ನಂಥ ಕೀಟನಾಶಕ ಹೊಡೆಯುವವರಲ್ಲೂ ಈ ಕಿಣ್ವ ತಾತ್ಕಾಲಿಕವಾಗಿ ಕುಸಿಯಬಹುದು, ಜಾತಿ ಯಾವುದೇ ಇರಲಿ. ಇತ್ತೀಚೆಗೆ ಸ್ಪ್ರೇ ಮಾಡಿದ್ದರೆ, ಅಥವಾ ಮನೆಯಲ್ಲಿ ಯಾರಾದರೂ ಆಪರೇಷನ್ ನಂತರ ತಡವಾಗಿ ಉಸಿರಾಡಿದ್ದರೆ, ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ. ಕಿಣ್ವದ ಮಟ್ಟ ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಕೊರತೆ ಖಚಿತವಾದರೆ ಚೀಟಿ ಬರೆಸಿ ಪರ್ಸಿನಲ್ಲಿಡಿ. ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ.