ಸಾಲ ಇದ್ದು, ದಾವೆ ಇಲ್ಲೆ

ನಮ್ಮ ಭಾವ ಸುಳ್ಳು ಹೇಳುವವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ನನ್ನ ತಕರಾರು ಇರುವುದೇ ಅಲ್ಲಿ.

ಅಡಿಕೆ ತೋಟಕ್ಕೆ ಕೊಳೆರೋಗ ಬಿದ್ದ ವರ್ಷ ಅವನು ನನ್ನ ಹತ್ತಿರ 80,000 ರೂಪಾಯಿ ಕೈಗಡ ತೆಗೆದುಕೊಂಡ. ಬೇಡ ಅಂದರೂ ಕೇಳದೆ ಪ್ರೋನೋಟು, ಅಂದರೆ ಸಾಲಪತ್ರ, ಬರೆದು ರೆವಿನ್ಯೂ ಸ್ಟ್ಯಾಂಪಿನ ಮೇಲೆ ಅಡ್ಡಸಹಿ ಎಳೆದುಕೊಟ್ಟ. ನಾನದನ್ನು ಪಂಚಾಂಗದೊಳಗೆ ಇಟ್ಟೆ. ಪಂಚಾಂಗ ಮೂರು ಸಲ ಬದಲಾಯಿತು. ಕೇಳಿದಾಗಲೆಲ್ಲ ‘ಕೊಡ್ತಿ ಮಾರಾಯಾ, ಎಲ್ಲಿಗೆ ಓಡಿ ಹೋಗ್ತಿ?’ ಎನ್ನುತ್ತಿದ್ದ. ಓಡಿಹೋಗಲಿಲ್ಲ, ನಿಜ. ಹೊಸ ಜೀಪು ತಂದ.

ಕೊನೆಗೆ ಶಿರಸಿಯ ವಕೀಲರೊಬ್ಬರ ಮೆಟ್ಟಿಲು ಹತ್ತಿದೆ. ಅವರು ಪ್ರೋನೋಟನ್ನು ಬೆಳಕಿಗೆ ಹಿಡಿದು, ಬೆರಳು ಮಡಚಿ ಲೆಕ್ಕ ಹಾಕಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಮೂರು ವರ್ಷದ ಮೇಲೆ ಹನ್ನೊಂದು ದಿನ ಆತು. ಸಾಲ ಇದ್ದು ಮಾರಾಯಾ, ದಾವೆ ಇಲ್ಲೆ.’

ದಾವೆ ಹೂಡಲು ಅವಧಿ ಗೊತ್ತುಮಾಡುವ 1963ರ ಲಿಮಿಟೇಶನ್ ಕಾಯ್ದೆಯಂತೆ. ಅವಧಿ ಮುಗಿದರೆ ಸಾಲ ಸಾಯುವುದಿಲ್ಲ, ವಸೂಲಿಯ ದಾರಿ ಮಾತ್ರ ಮುಚ್ಚುತ್ತದೆ. ‘ಕೇಳಿದಾಗ ಕೊಡುತ್ತೇನೆ’ ಎಂದು ಬರೆದ ನೋಟಿಗೆ ದಿನ ಎಣಿಸುವುದು ಕೇಳಿದ ದಿನದಿಂದಲ್ಲ, ಬರೆದ ದಿನದಿಂದ. ಮರ್ಯಾದೆಗೆ ಅಂಜಿ ನಾನು ಬಾಯಿ ಮುಚ್ಚಿಕೊಂಡ ದಿನಗಳೆಲ್ಲ ಭಾವನ ಖಾತೆಗೆ ಜಮಾ. ಅವನು ಕೋರ್ಟಿನಲ್ಲಿ ಅವಧಿಯ ಸುದ್ದಿ ಎತ್ತದಿದ್ದರೂ 3ನೇ ಕಲಮಿನಂತೆ ನ್ಯಾಯಾಧೀಶರೇ ದಾವೆ ವಜಾ ಮಾಡಬೇಕು. ಹೇಳಲು ನಾಚಿಕೆಯಾಗುವ ಮಾತನ್ನು ಸರ್ಕಾರವೇ ನಿಂತು ಹೇಳಿಕೊಡುವ ಸೌಲಭ್ಯ.

‘ಒಂದು ದಾರಿ ಇದ್ದು. ಕೊಡ್ತಿ ಹೇಳಿ ಹೊಸದಾಗಿ ಬರೆದು ಸಹಿ ಹಾಕಿದ್ರೆ, 1872ರ ಕರಾರು ಕಾಯ್ದೆ 25ನೇ ಕಲಮಿನಲ್ಲಿ ಸಾಲಕ್ಕೆ ಮತ್ತೆ ಜೀವ ಬತ್ತು.’

ಅಲ್ಲೇ ಕೂತು ಭಾವನಿಗೆ ವಾಟ್ಸ್ಯಾಪ್ ಮಾಡಿದೆ. ಕೈಮುಗಿದ ಚಿತ್ರ ಬಂತು. ಮತ್ತೆ ಕೇಳಿದೆ. ಮತ್ತೆ ಎರಡು ಕೈ. ಬಾಯಲ್ಲಿ ಹತ್ತು ಸಲ ಕೊಡ್ತಿ ಅನ್ನುವವನ ಬೆರಳಿನಿಂದ ಒಂದಕ್ಷರ ಉದುರಲಿಲ್ಲ. ಇಷ್ಟು ಶಿಸ್ತು ಭಾವನ ಸ್ವಂತದ್ದಲ್ಲ.

‘ಅವ ನಿಮ್ಮ ಹತ್ರ ಬಂದಿದ್ನಾ?’

‘ಬಂದಿದ್ನೋ ಇಲ್ಯೋ ಹೇಳಲೆ ಬತ್ತಿಲ್ಲೆ, ಕಕ್ಷಿದಾರರ ಗುಟ್ಟು. ಆದ್ರೆ ನಿನ್ನ ವಕಾಲತ್ತು ಹಿಡಿಯಲೂ ಬತ್ತಿಲ್ಲೆ.’

ಬಂದ ದುಡ್ಡಲ್ಲಿ ಅರ್ಧ ನಿಮಗೇ ಎಂದು ಆಸೆ ತೋರಿಸಿದೆ. ಅವರಿಗೆ ಸಿಟ್ಟು ಬಂತು. ಗೆಲುವಿನಲ್ಲಿ ಪಾಲು ಕೇಳುವುದು ವೃತ್ತಿಧರ್ಮಕ್ಕೆ ವಿರುದ್ಧ, ಬಾರ್ ಕೌನ್ಸಿಲ್ ನಿಯಮ ಎಂದರು. ಆ ಇಡೀ ಬೆಳಿಗ್ಗೆ ‘ಧರ್ಮ’ ಎಂಬ ಶಬ್ದ ಕೇಳಿಸಿದ್ದು ಅದೊಂದೇ ಸಲ. ಸಲಹೆಯ ಫೀಸು ಐನೂರನ್ನು ನಗದಾಗಿ, ನಾನು ಚಪ್ಪಲಿ ಮೆಟ್ಟುವ ಮೊದಲೇ ತೆಗೆದುಕೊಂಡರು. ಅವಧಿಯ ಬೆಲೆ ಅವರಿಗೆ ಗೊತ್ತು. ಅವರನ್ನು ಬೈಯುವ ಹಾಗೂ ಇಲ್ಲ ಬಿಡಿ. ನನಗೂ ಭಾವನಿಗೂ ಒಂದೇ ಸತ್ಯ ಹೇಳಿದ್ದಾರೆ. ಅವನು ಹನ್ನೊಂದು ದಿನ ಮೊದಲೇ ಹೋಗಿದ್ದನೇನೋ.

ಮಾರಿಕಾಂಬೆಯ ಎದುರು ಪ್ರಮಾಣ ಮಾಡಿಸು ಎಂದ ಅಪ್ಪಯ್ಯ. ಕರೆದೆ. ಭಾವ ಮಡಿಪಂಚೆ ಉಟ್ಟೇ ಬಂದ. ‘ಎಂಬತ್ತು ಸಾವಿರ ತಗಂಡಿದ್ದು ಹೌದು ತಾಯೀ’ ಎಂದು ಹಿಂದಿನ ಸಾಲಿನವರಿಗೂ ಕೇಳುವ ಹಾಗೆ ಹೇಳಿ, ಪ್ರಸಾದ ತಗೊಂಡು ಕಣ್ಣಿಗೊತ್ತಿಕೊಂಡ. ಸುಳ್ಳು ಆಣೆ ಇಟ್ಟವರನ್ನು ಅಮ್ಮ ನೋಡಿಕೊಳ್ಳುತ್ತಾಳೆ. ನಿಜ ಹೇಳಿದವನನ್ನು ಏನು ಮಾಡಿಯಾಳು?

ಹೊರಗೆ ಚಾ ಕುಡಿಯುವಾಗ ಅವನಿಗೆ ವಂಶದ ನೆನಪಾಯಿತು. ‘ಎಮ್ಮಜ್ಜ ಬ್ರಿಟಿಷರಿಗೇ ಕಂದಾಯ ಕೊಟ್ಟವ ಅಲ್ಲ.’ ಅದೂ ಸುಳ್ಳಲ್ಲ. 1930ರ ದಶಕದ ಕರನಿರಾಕರಣೆಯಲ್ಲಿ ಸಿದ್ದಾಪುರ, ಅಂಕೋಲೆಯ ರೈತರು ಕಾನೂನು ಮುರಿದು ಜೈಲಿಗೆ ಹೋದರು, ಗದ್ದೆ ತೋಟ ಕಳೆದುಕೊಂಡರು. ಅಜ್ಜನ ಗದ್ದೆ ಜಪ್ತಿಯಾಗಿತ್ತು. ಮೊಮ್ಮಗನ ಅಂಗಳದಿಂದ ಒಂದು ಹೋಳು ಅಡಿಕೆಯನ್ನೂ ನಾನು ಜಪ್ತಿ ಮಾಡಿಸಲಾರೆ. ಚಾದ ದುಡ್ಡು ನಾನೇ ಕೊಟ್ಟೆ.

ಮೊನ್ನೆ ಮಗನ ಉಪನಯನಕ್ಕೆ ಭಾವ ಸಂಸಾರ ಸಮೇತ ಬಂದು ಎರಡು ಸಲ ಹೋಳಿಗೆ ಹಾಕಿಸಿಕೊಂಡು ಉಂಡ. ರಾತ್ರಿ ಉಡುಗೊರೆ ಕವರು ಒಡೆಯುತ್ತ ಹೆಂಡತಿ ಹೆಸರು ಓದುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಒಂದು ಕವರಿನಲ್ಲಿ 501 ರೂಪಾಯಿ ಇತ್ತು. ಮೇಲೆ ಹೆಸರಿಲ್ಲ, ಸಹಿಯಿಲ್ಲ, ತಾರೀಕಿಲ್ಲ. ಮೂಲೆಯಲ್ಲಿ ಒಂದು ಕುಂಕುಮದ ಬೊಟ್ಟು.

‘ಇದು ಯಾರದ್ದು?’ ಎಂದಳು.

ಭಾವನ ಹೆಸರು ಬರೆದುಕೊಂಡೆ.